ವರ್ಸೇಲ್ಸ್‌ಗೆ ಒಂದು ದಿನ, ಮಕ್ಕಳು ಮತ್ತು ಮಾವನವರ ಜೊತೆ: ಅರಮನೆ ಮೊದಲಾ, ತೋಟ ಮೊದಲಾ?

ಇಬ್ಬರಮ್ಮ:
ನಮಸ್ಕಾರ ಎಲ್ಲರಿಗೂ. ಮೇ ತಿಂಗಳಲ್ಲಿ ಪ್ಯಾರಿಸ್‌ಗೆ ಹೋಗುತ್ತಿದ್ದೇವೆ. ಒಂದು ಪೂರ್ತಿ ದಿನ ಅಲ್ಲೇ ಹತ್ತಿರದ ವರ್ಸೇಲ್ಸ್‌ಗೆ, ಅಂದರೆ ಫ್ರಾನ್ಸಿನ ರಾಜರ ಹಳೇ ಅರಮನೆಗೆ, ಅಂತ ಇಟ್ಟಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 5 ವರ್ಷದ ಮಗಳು, ಜೊತೆಗೆ ಮಾವನವರು. ಮಾವನವರು ಇತಿಹಾಸದ ಮೇಷ್ಟ್ರಾಗಿದ್ದವರು. ಫ್ರೆಂಚ್ ಕ್ರಾಂತಿಯ ಪಾಠ ಮಾಡಿ ಮಾಡಿ ಆ ಅರಮನೆ ಅವರಿಗೆ ನೋಡದೆಯೇ ಬಾಯಿಪಾಠ. ಆದರೆ ಮಂಡಿ ನೋವು ಜಾಸ್ತಿ. ಸ್ವಲ್ಪ ದೂರ ನಡೆದರೆ ಕೂರಲೇಬೇಕು. ಗಾಲಿ ಕುರ್ಚಿ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ಮಗಳದ್ದು ಬೇರೆ ಕಥೆ. ಯಾವ ಮ್ಯೂಸಿಯಂಗೆ ಹೋದರೂ ಮೂರನೇ ಕೋಣೆ ಹೊತ್ತಿಗೆ "ಇನ್ನೂ ಎಷ್ಟಿದೆ?" ಶುರು.

ಅರಮನೆ ಮುಗಿಸಿ ತೋಟಕ್ಕೆ ಹೋಗೋದಾ, ಇಲ್ಲಾ ಉಲ್ಟಾನಾ? ಹೋಗಿ ಬಂದವರು ಹೇಳಿ ಪ್ಲೀಸ್.

ಕಾಲ್ನಡಿಗೆ:
ಉಲ್ಟಾ. ಕಣ್ಣು ಮುಚ್ಚಿಕೊಂಡು ಉಲ್ಟಾ.

ಎಲ್ಲರೂ ಬೆಳಿಗ್ಗೆ 9ಕ್ಕೆ ಅರಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಪ್ರವಾಸಿ ಬಸ್ಸುಗಳೂ ಆಗಲೇ ಬರುತ್ತವೆ. ಒಳಗೆ ಹೋದರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ನಿಮ್ಮ ಮಗಳ ಎತ್ತರಕ್ಕಂತೂ ಬರೀ ಬ್ಯಾಗುಗಳೇ. ಅದೇ ಹೊತ್ತಿನಲ್ಲಿ ಹಿಂದಿನ ತೋಟ ಖಾಲಿ ಹೊಡೆಯುತ್ತಿರುತ್ತದೆ. ಬೆಳಿಗ್ಗೆ ತೋಟ, ಮಧ್ಯಾಹ್ನ ತ್ರಿಯಾನೊ (ತೋಟದಾಚೆ ಇರುವ ಎರಡು ಚಿಕ್ಕ ಅರಮನೆಗಳು), ಕೊನೆಗೆ ದೊಡ್ಡ ಅರಮನೆ. ಟಿಕೆಟ್ ತಗೊಳ್ಳುವಾಗ ಅರಮನೆಗೆ ಸಮಯ ಆರಿಸಬೇಕಲ್ಲ, ಅಲ್ಲಿ ಮಧ್ಯಾಹ್ನ 3ರ ಆಮೇಲಿನದ್ದನ್ನು ಆರಿಸಿ. ಮೇ ತಿಂಗಳಲ್ಲಿ ಸಂಜೆ 6:30ರವರೆಗೆ ತೆರೆದಿರುತ್ತದೆ.

ತ್ರಿಯಾನೊ ಬಾಗಿಲು ತೆಗೆಯುವುದೇ ಮಧ್ಯಾಹ್ನ 12ಕ್ಕೆ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಸೋಮವಾರ ಅರಮನೆಯೂ ಇಲ್ಲ, ತ್ರಿಯಾನೊವೂ ಇಲ್ಲ. ಮಂಗಳವಾರ ಜನ ಜಾಸ್ತಿ, ಏಕೆಂದರೆ ಲೂವ್ರ್ ಮ್ಯೂಸಿಯಂಗೆ ಅಂದು ರಜೆ, ಅಲ್ಲಿನವರೆಲ್ಲ ಇಲ್ಲಿಗೆ.

ರೈಲುಪೆಟ್ಟಿಗೆ:
ನಾನು ಒಪ್ಪಲ್ಲ. ಮಂಡಿ ನೋವಿನವರನ್ನು ಬೆಳಿಗ್ಗೆಯಿಂದ ಜಲ್ಲಿಕಲ್ಲಿನ ದಾರಿಯಲ್ಲಿ ಓಡಾಡಿಸಿ, ಸುಸ್ತಾದ ಮೇಲೆ ಅರಮನೆಗೆ ನಿಲ್ಲಿಸೋದು ಯಾವ ನ್ಯಾಯ? ಅರಮನೆ ನೋಡೋಕೆ ಅಂತಲೇ ಬರುತ್ತಿರುವವರು ಅವರು. ಕಾಲಿಗೆ ಶಕ್ತಿ ಇರುವಾಗಲೇ ಅದು ಮುಗಿಯಲಿ. 9ರ ಮೊದಲ ಸ್ಲಾಟ್ ತಗೊಳ್ಳಿ, 8:30ಕ್ಕೆ ಸಾಲಿನಲ್ಲಿರಿ. ಮೊದಲ ಗುಂಪಿನಲ್ಲಿ ಒಳಗೆ ಹೋದರೆ ಸ್ವಲ್ಪ ಹೊತ್ತಾದರೂ ಕೋಣೆಗಳು ನಿಮ್ಮದೇ.

ರೈಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ಯಾರಿಸ್‌ನ ಲೋಕಲ್ ರೈಲು ಆರ್‌ಇಆರ್ ಸಿ ಲೈನಿನಲ್ಲಿ ಕೊನೆಯ ನಿಲ್ದಾಣ "ವರ್ಸಾಯ್ ಶಾತೊ ರಿವ್ ಗೋಶ್" (ವರ್ಸೇಲ್ಸನ್ನೇ ಅಲ್ಲಿ ವರ್ಸಾಯ್ ಅನ್ನೋದು, ಶಾತೊ ಅಂದರೆ ಅರಮನೆ). ಇಳಿದು 10 ನಿಮಿಷ ನಡೆದರೆ ಅರಮನೆ. ಆ ಲೈನು ಕವಲೊಡೆಯುತ್ತದೆ, ಬೋರ್ಡಿನಲ್ಲಿ "ವರ್ಸಾಯ್ ಶಾಂತಿಯೇ" ಅಂತಲೂ ಒಂದು ಬರುತ್ತದೆ. ವರ್ಸಾಯ್ ಅನ್ನೋದು ಕಂಡ ತಕ್ಷಣ ಹತ್ತಬೇಡಿ, "ಶಾತೊ" ಇದೆಯಾ ನೋಡಿ. ಶಾಂತಿಯೇನಲ್ಲಿ ಇಳಿದರೆ ಅರಮನೆಗೆ ದಾರಿ ಹೆಚ್ಚು ಕಡಿಮೆ ಎರಡರಷ್ಟು. ಮಾವನವರ ಮಂಡಿ ಅಲ್ಲೇ ಕೈಕೊಡುತ್ತದೆ.

ಸುಮ್ನೆಓದುಗ:
ಒಂದು ಮಾತು, ಬೇಜಾರಾಗಬೇಡಿ. ನನಗಂತೂ ಅರಮನೆ ಒಳಗೆ ಏನೂ ಅನ್ನಿಸಲಿಲ್ಲ. ಚಿನ್ನದ ಬಣ್ಣದ ಗೋಡೆ, ಮೇಲೆ ಚಿತ್ರ, ಕೆಳಗೆ ಖಾಲಿ ನೆಲ. ಮೇಜಿಲ್ಲ, ಕುರ್ಚಿಯಿಲ್ಲ. ಇಷ್ಟು ದುಡ್ಡಿದ್ದ ರಾಜ ನೆಲದ ಮೇಲೆ ಕೂರುತ್ತಿದ್ದನಾ?

ಹಳೇಗಡಿಯಾರ:
@ಸುಮ್ನೆಓದುಗ, ಖಾಲಿ ಇರೋದಕ್ಕೆ ಕಾರಣ ಇದೆ ಸರ್. ಕ್ರಾಂತಿಯಾದ ಮೇಲೆ 1793 ಮತ್ತು 94ರಲ್ಲಿ ಒಳಗಿನ ಸಾಮಾನನ್ನೆಲ್ಲ ಹರಾಜು ಹಾಕಿದರು. 17 ಸಾವಿರಕ್ಕೂ ಹೆಚ್ಚು ಲಾಟುಗಳು, ಹೆಚ್ಚು ಕಡಿಮೆ ಒಂದು ವರ್ಷ ನಡೆದ ಹರಾಜು. ಮೇಜು ಒಂದು ದೇಶಕ್ಕೆ, ಅದರ ಜೊತೆಯ ಕುರ್ಚಿ ಇನ್ನೊಂದು ದೇಶಕ್ಕೆ ಹೋಯಿತು. ಈಗ ಕಾಣುವುದರಲ್ಲಿ ಎಷ್ಟೋ ಒಂದೊಂದಾಗಿ ಹುಡುಕಿ ವಾಪಸ್ ತಂದಿದ್ದು.

ಇಬ್ಬರಮ್ಮ ಅವರೇ, ನಿಮ್ಮ ಮಾವನವರಂಥವರಿಗೆ ಒಂದು ಜಾಗ ಹೇಳುತ್ತೇನೆ. ರಾಣಿಯ ಮಲಗುವ ಕೋಣೆ. ಎಲ್ಲರೂ ಮಂಚದ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಮಂಚದ ಎಡಕ್ಕೆ ಗೋಡೆಯ ಬಟ್ಟೆಯನ್ನೇ ನೋಡಿ. ಹೂವಿನ ಚಿತ್ತಾರದ ನಡುವೆ ಸಣ್ಣ ಗೆರೆ ಕಾಣುತ್ತದೆ. ಅದು ಬಾಗಿಲು. ಗೋಡೆಗೆ ಹೊದಿಸಿದ ಬಟ್ಟೆಯನ್ನೇ ಅದಕ್ಕೂ ಹೊದಿಸಿದ್ದಾರೆ, ಹಾಗಾಗಿ ಹೇಳದಿದ್ದರೆ ಗೊತ್ತೇ ಆಗಲ್ಲ. 1789ರ ಅಕ್ಟೋಬರ್ 6ರ ಬೆಳಗಿನ ಜಾವ ಜನ ಒಳಗೆ ನುಗ್ಗಿದಾಗ ಆಗಿನ ರಾಣಿ ಮೇರಿ ಆಂಟೋನೆಟ್ ತಪ್ಪಿಸಿಕೊಂಡು ಗಂಡ 16ನೇ ಲೂಯಿಯ ಕಡೆಗೆ ಓಡಿದ್ದು ಅದೇ ದಾರಿಯಲ್ಲಿ. ಅದೇ ದಿನ ಎಲ್ಲರನ್ನೂ ಪ್ಯಾರಿಸ್‌ಗೆ ಕರೆದುಕೊಂಡು ಹೋದರು. ಮತ್ತೆ ಆ ರಾಜ ಕುಟುಂಬ ಅಲ್ಲಿಗೆ ವಾಪಸ್ ಬರಲೇ ಇಲ್ಲ. ಪಾಠ ಮಾಡಿದ ಮೇಷ್ಟ್ರು ಆ ಗೆರೆ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ.

ಕನ್ನಡಿ ಗ್ಯಾಲರಿಯಲ್ಲೂ ಅವರಿಗೆ ಹೇಳೋಕೆ ಬೇಕಾದಷ್ಟಿದೆ. 1871ರ ಜನವರಿ 18ರಂದು ಜರ್ಮನ್ನರು ತಮ್ಮ ಸಾಮ್ರಾಜ್ಯ ಘೋಷಿಸಿದ್ದು ಅಲ್ಲೇ, ಸೋತ ಫ್ರಾನ್ಸಿನ ನಡುಮನೆಯಲ್ಲೇ. 1919ರ ಜೂನ್ 28ರಂದು ಮೊದಲ ಮಹಾಯುದ್ಧದಲ್ಲಿ ಸೋತ ಅದೇ ಜರ್ಮನಿಯಿಂದ ಶಾಂತಿ ಒಪ್ಪಂದಕ್ಕೆ ಫ್ರಾನ್ಸ್ ಸಹಿ ಹಾಕಿಸಿಕೊಂಡಿದ್ದೂ ಅದೇ ಕೋಣೆಯಲ್ಲಿ. ಜಾಗ ಬೇಕೆಂದೇ ಆರಿಸಿದ್ದು.

ಹಿತ್ತಲಗಿಡ:
ಅರಮನೆಯವರ ಜಗಳದ ನಡುವೆ ನಾನೊಂದು ಕೇಳುತ್ತೇನೆ. ಇಬ್ಬರಮ್ಮ, ನೀವು ಹೋಗುವ ದಿನ ನೀರು ಬಿಡುತ್ತಾರಾ ನೋಡಿದ್ದೀರಾ? ಕಾರಂಜಿಗಳು ದಿನಾ ಹಾರುವುದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ, ಭಾನುವಾರ, ಆಮೇಲೆ ಕೆಲವು ಮಂಗಳವಾರ. ಆಗಲೂ ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಸ್ವಲ್ಪ ಹೊತ್ತು. ಆ ದಿನದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಬೇಕು.

ನನ್ನ ಪ್ರಕಾರ ವರ್ಸೇಲ್ಸ್‌ನ ಅಸಲಿ ಕಥೆ ನೀರಿನದ್ದು. ಆ ಜಾಗ ದಿಬ್ಬ. ಹತ್ತಿರ ದೊಡ್ಡ ನದಿ ಇಲ್ಲ. ಅರಮನೆ, ತೋಟ ಎಲ್ಲ ಮಾಡಿಸಿದ ರಾಜ 14ನೇ ಲೂಯಿಗೆ ಮಾತ್ರ ನೂರಾರು ಕಾರಂಜಿ ಬೇಕು. ಮೊದಲು ಪಕ್ಕದ ಕೆರೆಯಿಂದ ಪಂಪು ಮಾಡಿದರು, ಸಾಲಲಿಲ್ಲ. 1680ರ ದಶಕದಲ್ಲಿ ಸೀನ್ ನದಿಗೆ ಅಡ್ಡಲಾಗಿ ಮಾರ್ಲಿ ಯಂತ್ರ ಕಟ್ಟಿದರು. 14 ದೊಡ್ಡ ನೀರ್ಗಾಲಿ, 200ಕ್ಕೂ ಹೆಚ್ಚು ಪಂಪು, ನೀರನ್ನು 150 ಮೀಟರ್‌ಗೂ ಮೇಲಕ್ಕೆ ಎತ್ತುವುದು. ಮರ ಮತ್ತು ಕಬ್ಬಿಣದ ಆ ಯಂತ್ರದ ಸದ್ದು ಸುತ್ತಮುತ್ತಲಿನವರ ನಿದ್ದೆ ಕೆಡಿಸುತ್ತಿತ್ತಂತೆ. ಅದೂ ಸಾಲಲಿಲ್ಲ. ಆಮೇಲೆ ಯೂರ್ ನದಿಯನ್ನೇ ಕಾಲುವೆಯಲ್ಲಿ ತರೋಣ ಅಂತ ಹೊರಟು ಸಾವಿರಾರು ಸೈನಿಕರನ್ನು ಅಗೆಯಲು ಹಚ್ಚಿದರು. ಜ್ವರ ಬಂದು ಎಷ್ಟೋ ಜನ ಸತ್ತರು. 1688ರಲ್ಲಿ ಯುದ್ಧ ಶುರುವಾಗಿ ಕೆಲಸ ನಿಂತೇಹೋಯಿತು. ಮ್ಯಾಂತನಾನ್ ಊರಿನಲ್ಲಿ ಅರ್ಧಕ್ಕೆ ನಿಂತ ಆ ಮೇಲ್ಗಾಲುವೆಯ ಕಮಾನುಗಳು ಈಗಲೂ ಇವೆ.

ಹಾಗಾದರೆ ಕಾರಂಜಿ ಹೇಗೆ ನಡೆಸುತ್ತಿದ್ದರು ಅಂತೀರಾ? ಸೀಟಿ ಹೊಡೆದು. ರಾಜ ಒಂದು ಕೊಳದ ಹತ್ತಿರ ಬರುವಾಗ ಅಲ್ಲಿನ ಹುಡುಗ ಸೀಟಿ ಹಾಕುತ್ತಿದ್ದ, ಕೆಲಸದವರು ನಲ್ಲಿ ತಿರುಗಿಸುತ್ತಿದ್ದರು. ರಾಜ ದಾಟಿದ ಮೇಲೆ ಅದು ಬಂದ್, ಮುಂದಿನದು ಚಾಲೂ. ಅವನ ಕಣ್ಣಿಗೆ ಮಾತ್ರ ಎಲ್ಲ ಕಡೆ ನೀರೋ ನೀರು. ಇವತ್ತಿಗೂ ಹೆಚ್ಚಿನ ಕಾರಂಜಿಗಳಿಗೆ ಮೋಟಾರಿನ ಒತ್ತಡವಿಲ್ಲ. ಎತ್ತರದ ತೊಟ್ಟಿಯಿಂದ ಹಳೇ ಪೈಪಿನಲ್ಲಿ ಇಳಿದು ಬಂದ ನೀರು ತನ್ನ ರಭಸಕ್ಕೇ ಹಾರುತ್ತದೆ. ಕೆಲಸದವರು ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ನೆಲದಲ್ಲಿರುವ ವಾಲ್ವ್ ತಿರುಗಿಸುವುದು ಅದೃಷ್ಟವಿದ್ದರೆ ಕಾಣುತ್ತದೆ. ನಿಮ್ಮ ಮಗನಿಗೆ ಕನ್ನಡಿಗಿಂತ ಇದು ಇಷ್ಟವಾಗುತ್ತದೆ, ಬರೆದಿಟ್ಟುಕೊಳ್ಳಿ.

ಇಬ್ಬರಮ್ಮ:
ಅಯ್ಯೋ ಎಷ್ಟು ವಿಷಯ! ಎಲ್ಲರಿಗೂ ಥ್ಯಾಂಕ್ಸ್. @ಹಿತ್ತಲಗಿಡ, ಸೀಟಿ ಕಥೆ ಮಗನಿಗೆ ಹೇಳಿದೆ. ಈಗ ಮನೆಯಲ್ಲಿ ಬಾತ್‌ರೂಮ್ ನಲ್ಲಿಗೂ ಸೀಟಿ.

ಶನಿವಾರಕ್ಕೆ ಬದಲಾಯಿಸಬಹುದು. ಆದರೆ ಶನಿವಾರ ಜನ ಜಾಸ್ತಿ ಅಲ್ವಾ? ಮತ್ತೆ ಮಗಳಿಗೆ ತಳ್ಳುಗಾಡಿ ತಗೊಂಡು ಹೋಗಬಹುದಾ? ಊಟ ಎಲ್ಲಿ?

ಕಾಲ್ನಡಿಗೆ:
ಶನಿವಾರ ಜನ ಇದ್ದೇ ಇರುತ್ತಾರೆ. ಆದರೆ ಜನ ಸೇರೋದು ಅರಮನೆಯಲ್ಲಿ. ತೋಟ ಎಷ್ಟು ದೊಡ್ಡದು ಅಂದರೆ ಅಲ್ಲಿ ಎಲ್ಲರೂ ಕರಗಿಹೋಗುತ್ತಾರೆ. ದೊಡ್ಡ ಕಾಲುವೆಯೊಂದೇ 1,670 ಮೀಟರ್ ಉದ್ದ. ಮೇಲಿನ ಮೆಟ್ಟಿಲಿಂದ ನೋಡಿದರೆ ಇಲ್ಲೇ ಇದೆ ಅನ್ನಿಸುತ್ತದೆ. ನಡೆಯುತ್ತಾ ಹೋದರೆ ಬರೋದೇ ಇಲ್ಲ. ಲೆ ನೋತ್ರ್ ಅನ್ನುವ ತೋಟಗಾರ ಲೆಕ್ಕ ಹಾಕಿಯೇ ಹಾಗೆ ಕಣ್ಣಿಗೆ ಮೋಸ ಮಾಡಿದ್ದು. ಮಾವನವರಿಗೆ ಇದನ್ನು ಮೊದಲೇ ಹೇಳಿಡಿ. "ಆ ನೀರಿನವರೆಗೆ ತಾನೇ" ಅಂತ ಹೊರಟುಬಿಟ್ಟಾರು.

ತಳ್ಳುಗಾಡಿ ತೋಟದಲ್ಲಿ ಓಕೆ, ಗಾಲಿ ದಪ್ಪ ಇದ್ದರೆ ಒಳ್ಳೆಯದು. ಅರಮನೆ ಒಳಗೆ ಮಡಚಲಾಗದ್ದನ್ನು ಬಿಡಲ್ಲ. ದೊಡ್ಡ ಬ್ಯಾಗೂ ಬೇಡ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಆದರೆ ಎಲ್ಲೆಂದರಲ್ಲಿ ಬಿಚ್ಚುವ ಹಾಗಿಲ್ಲ. ಕತ್ತರಿಸಿ ನಿಲ್ಲಿಸಿದ ಗಿಡಗಳಿರುವ ತೋಟದೊಳಗೆ ಪಿಕ್‌ನಿಕ್‌ಗೆ ಅನುಮತಿ ಇಲ್ಲ. ಅದರಾಚೆಗಿನ ಉದ್ಯಾನ ಇದೆಯಲ್ಲ, ಕಾಲುವೆಯ ಬದಿಯ ಹುಲ್ಲು, ಸೇಂತ್ ಆಂತ್ವಾನ್ ಬಯಲು, ಅಲ್ಲಿ ಕೂತು ಉಣ್ಣಬಹುದು. ಆ ಉದ್ಯಾನಕ್ಕೆ ಟಿಕೆಟ್ಟೂ ಇಲ್ಲ.

ಮಧ್ಯಾಹ್ನದಬಿಸಿಲು:
5 ವರ್ಷದ ಮಗು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತ್ರಿಯಾನೊ ಪಕ್ಕದ ರಾಣಿಯ ಹಳ್ಳಿ ಬಿಡಬೇಡಿ. ಮೇರಿ ಆಂಟೋನೆಟ್ 1780ರ ದಶಕದಲ್ಲಿ ಕಟ್ಟಿಸಿಕೊಂಡ ಆಟದ ಹಳ್ಳಿ. ಕೊಳದ ಸುತ್ತ ಹುಲ್ಲಿನ ಮಾಡಿನ ಮನೆಗಳು, ಒಂದು ಗೋಪುರ, ಒಂದು ನೀರಿನ ಗಿರಣಿ. ಗಿರಣಿಯ ಚಕ್ರ ಬರೀ ತೋರಿಕೆಗೆ, ಒಳಗೆ ಬೀಸುವ ಕಲ್ಲೇ ಇಲ್ಲ. ಹೊಸ ಗೋಡೆಗಳ ಮೇಲೆ ಹಳೇದಾಗಿ ಕಾಣಲಿ ಅಂತ ಬಿರುಕುಗಳನ್ನು ಬಣ್ಣದಲ್ಲಿ ಬರೆಸಿದ್ದರಂತೆ. ಪಕ್ಕದಲ್ಲೇ ನಿಜವಾದ ಫಾರ್ಮ್ ಇದೆ. ಆಡು, ಕುರಿ, ಕೋಳಿ, ಮೊಲ. ನಮ್ಮ ಚಿಕ್ಕವನು ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ತೋಟದಲ್ಲಿ ಮಕ್ಕಳಿಗೆ ಎರಡು ಕೊಳ ತೋರಿಸಿ. ಒಂದು ಲಾತೋನ. ದೇವತೆ ತನ್ನ ಮಕ್ಕಳ ಜೊತೆ ನೀರು ಕುಡಿಯಲು ಬಂದರೆ ಊರಿನವರು ಕೆಸರು ಕಲಕಿ ಓಡಿಸುತ್ತಾರೆ, ಶಾಪಕ್ಕೆ ಅವರೆಲ್ಲ ಕಪ್ಪೆಗಳಾಗುತ್ತಾರೆ. ಶಿಲ್ಪಿ ಆ ಬದಲಾವಣೆಯನ್ನು ಅರ್ಧದಲ್ಲೇ ಹಿಡಿದಿದ್ದಾನೆ. ಒಬ್ಬನ ಕೈಕಾಲು ಇನ್ನೂ ಮನುಷ್ಯನದ್ದು, ಮುಖ ಆಗಲೇ ಕಪ್ಪೆ, ಬಾಯಿ ಅಗಲ ತೆರೆದು ನೀರು ಉಗುಳುತ್ತಾನೆ. ಇನ್ನೊಂದು ಎನ್‌ಸೆಲಾಡಸ್, ಬಂಡೆಗಳ ಕೆಳಗೆ ಹೂತುಹೋದ ರಾಕ್ಷಸ. ತಲೆ, ತೋಳು ಮಾತ್ರ ಮೇಲೆ. ಅವನ ಬಾಯಿಂದ ನೀರು ಮರದ ತುದಿವರೆಗೆ ಹಾರುತ್ತದೆ. ಅದು ಮರಗಳ ನಡುವೆ ಅಡಗಿದೆ, ನಕ್ಷೆ ಇಲ್ಲದೆ ಸಿಗಲ್ಲ.

ಅರಮನೆಯಲ್ಲಿ ಮಗಳಿಗೆ ಒಂದು ಕೆಲಸ ಕೊಡಿ. ರಾಜನ ಮಲಗುವ ಕೋಣೆಯ ಪಕ್ಕದ ಕೋಣೆಗೆ ಬಂದಾಗ, ದುಂಡನೆಯ ಕಿಟಕಿ ಇರುವುದು, ಒಳಛಾವಣಿಯ ಅಂಚಿನ ಉಬ್ಬುಚಿತ್ರದಲ್ಲಿ ಆಟ ಆಡುವ ಮಕ್ಕಳು ಎಷ್ಟಿದ್ದಾರೆ ಅಂತ ಎಣಿಸಲಿ. ಚಿನ್ನದ ಬಣ್ಣದ ಪಟ್ಟಿಯ ತುಂಬ ಅವರೇ. ದೊಡ್ಡವರು ಸುತ್ತ ಒಂದು ನೋಟ ಹಾಯಿಸೋಕೆ ಅಷ್ಟು ಹೊತ್ತು ಸಾಕು.

ಸುಮ್ನೆಓದುಗ:
ಹಳ್ಳಿಯ ಜನ ಹಸಿದಿದ್ದಾಗ ರಾಣಿಗೆ ಬಣ್ಣದ ಬಿರುಕಿನ ಹಳ್ಳಿ. ಕ್ರಾಂತಿ ಯಾಕಾಯಿತು ಅಂತ ಪಾಠ ಮಾಡೋದೇ ಬೇಡ, ಅಲ್ಲಿಗೆ ಕರೆದುಕೊಂಡು ಹೋದರೆ ಸಾಕು.

ಹಳೇಗಡಿಯಾರ:
ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಅಲ್ಲಿ ನಿಜವಾದ ರೈತನೊಬ್ಬನನ್ನು ಇಟ್ಟುಕೊಂಡು ಹಾಲು, ಮೊಟ್ಟೆ ಎಲ್ಲ ಮಾಡಿಸುತ್ತಿದ್ದರು, ಬರೀ ನಾಟಕದ ಪರದೆ ಅಲ್ಲ. ದೇಶದ ಖಜಾನೆ ಬರಿದಾಗಿದ್ದು ಯುದ್ಧಗಳಿಂದ, ಅದರಲ್ಲೂ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಮಾಡಿದ ಸಾಲದಿಂದ. ಆದರೆ ಜನರ ಕಣ್ಣಿಗೆ ಸಾಲ ಕಾಣಲ್ಲ, ಹಳ್ಳಿ ಕಾಣುತ್ತದೆ. ಈ ಚರ್ಚೆಗೆ ಇಬ್ಬರಮ್ಮ ಅವರ ಮಾವನವರನ್ನೇ ಕರೆಯಬೇಕು.

ಇಬ್ಬರಮ್ಮ:
ಮಾವನವರು ಇದನ್ನೆಲ್ಲ ಓದಿಸಿಕೊಂಡು ಕೇಳುತ್ತಿದ್ದಾರೆ. "1789ಕ್ಕೆ ಹಿಂದಿನ ವರ್ಷ ಬೆಳೆ ಹೋಗಿತ್ತು, ಬ್ರೆಡ್ಡಿನ ಬೆಲೆ ಏರಿತ್ತು, ಅದನ್ನು ಬಿಟ್ಟು ಮಾತಾಡಬೇಡಿ ಅಂತ ಹೇಳು" ಅಂದರು. ಹೇಳಿದ್ದೇನೆ. ಅಕ್ಟೋಬರ್ 5ಕ್ಕೆ ಪ್ಯಾರಿಸ್‌ನಿಂದ ಹೆಂಗಸರು ಮಳೆಯಲ್ಲಿ ನಡೆದು ಬಂದಿದ್ದೂ ಬ್ರೆಡ್ಡಿಗೇ ಅಂತೆ.

ಎಲ್ಲ ಸರಿ, ಆದರೆ ನಡೆಯೋದು? ಅರಮನೆಯಿಂದ ಆ ಹಳ್ಳಿಗೆ ಎಷ್ಟು ದೂರ?

ರೈಲುಪೆಟ್ಟಿಗೆ:
ನಡೆದರೆ ಅರ್ಧ ಗಂಟೆ ಹಿಡಿಯುತ್ತದೆ, ಮಕ್ಕಳ ಜೊತೆ ಇನ್ನೂ ಜಾಸ್ತಿ. ಅರಮನೆಯ ಪಕ್ಕದಿಂದ ಪುಟ್ಟ ರೈಲಿನಂಥ ಗಾಡಿ ಹೊರಡುತ್ತದೆ. ತ್ರಿಯಾನೊಗಳು, ದೊಡ್ಡ ಕಾಲುವೆ, ಎಲ್ಲ ಕಡೆ ನಿಲ್ಲುತ್ತದೆ. ಟಿಕೆಟ್ ಬೇರೆ. ಗಾಲ್ಫ್ ಗಾಡಿಯೂ ಬಾಡಿಗೆಗೆ ಸಿಗುತ್ತದೆ, ಓಡಿಸುವವರ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇರಬೇಕು. ಗೊತ್ತು ಮಾಡಿದ ದಾರಿ ಬಿಟ್ಟು ಆಚೆ ಹೋದರೆ ಅದು ತಾನಾಗಿ ನಿಂತುಬಿಡುತ್ತದೆ. ಯಜಮಾನರಿಗೆ ಮೊದಲೇ ಹೇಳಿರಿ.

ಗಾಲಿ ಕುರ್ಚಿಯನ್ನು ಅರಮನೆಯಲ್ಲೇ ಎರವಲು ಕೊಡುತ್ತಾರೆ, ಗುರುತಿನ ಚೀಟಿ ಇಟ್ಟುಕೊಳ್ಳುತ್ತಾರೆ. ಮುಂದಿನ ಅಂಗಳ ಮಾತ್ರ ಉಬ್ಬುತಗ್ಗಿನ ಕಲ್ಲುಹಾಸು. ತಳ್ಳುವವರಿಗೂ ಕಷ್ಟ, ಕೂತವರಿಗೂ ಕಷ್ಟ.

ಹಳೇಗಡಿಯಾರ:
ಮಾವನವರು ಗಾಲಿ ಕುರ್ಚಿಗೆ ಒಪ್ಪಲ್ಲ ಅಂದಿರಲ್ಲ, ಅವರಿಗೆ ಇದನ್ನು ಓದಿ ಹೇಳಿ. 14ನೇ ಲೂಯಿಗೆ ವಯಸ್ಸಾದ ಮೇಲೆ ಗೌಟ್ ಅನ್ನುವ ಕೀಲುನೋವಿನ ಕಾಟ. ನಡೆಯೋಕೆ ಆಗದೆ ತನ್ನದೇ ತೋಟದಲ್ಲಿ ಗಾಲಿ ಕುರ್ಚಿಯಲ್ಲಿ ಕೂತು ಸುತ್ತುತ್ತಿದ್ದ, ಸೇವಕರು ತಳ್ಳುತ್ತಿದ್ದರು. ತೋಟದ ಮೇಲಿನ ಹುಚ್ಚು ಮಾತ್ರ ಬಿಡಲಿಲ್ಲ. ಅತಿಥಿಗಳಿಗೆ ತೋಟ ಹೇಗೆ ತೋರಿಸಬೇಕು ಅಂತ 1689ರಲ್ಲಿ ತಾನೇ ಒಂದು ಟಿಪ್ಪಣಿ ಬರೆಸಿದ. ಆಮೇಲೆ ಅದನ್ನು ಮತ್ತೆ ಮತ್ತೆ ತಿದ್ದಿಸಿದ. ಅರಮನೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ನಿಲ್ಲಿ, ಕೊಳಗಳನ್ನು ನೋಡಿ. ಆಮೇಲೆ ನೇರ ಲಾತೋನ ಕೊಳದ ಮೇಲಕ್ಕೆ ಹೋಗಿ ನಿಲ್ಲಿ, ಕಾಲುವೆಯವರೆಗೆ ನೋಡಿ. ಆಮೇಲೆ ಹಿಂದೆ ತಿರುಗಿ ಅರಮನೆ ನೋಡಿ. ಹೀಗೆ ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು, ಎಲ್ಲ ಅಪ್ಪಣೆ.

ಹೊರಗೆ ಬಂದ ಮೇಲೆ ತೋಟ, ಅಂದರೆ ರಾಜನ ಓಟು @ರೈಲುಪೆಟ್ಟಿಗೆ ಅವರಿಗೆ.

ಕಾಲ್ನಡಿಗೆ:
ರಾಜನಿಗೆ ಟಿಕೆಟ್ ಸಾಲು ಇರಲಿಲ್ಲ ಸ್ವಾಮಿ.

ಹಿತ್ತಲಗಿಡ:
ಆ ತೋಟದ ಮರಗಳ ವಿಷಯ ಯಾರೂ ಹೇಳಲಿಲ್ಲ. ಅಲ್ಲಿ ರಾಜನ ಕಾಲದ ಮರಗಳನ್ನು ಹುಡುಕಬೇಡಿ. 1999ರ ಡಿಸೆಂಬರ್ 26ರ ಬಿರುಗಾಳಿಗೆ ಆ ಎಸ್ಟೇಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮರ ಉರುಳಿದವು. ಹಾಗಾಗಿ ಈಗಿರುವುದರಲ್ಲಿ ಎಷ್ಟೋ ಮರ ನಮಗಿಂತ ಚಿಕ್ಕವು. ನಿಜವಾಗಿ ಹಳೆಯವು ಬೇಕಿದ್ದರೆ ಕಿತ್ತಳೆ ಮನೆಯ ಕುಂಡದ ಗಿಡಗಳನ್ನು ನೋಡಿ. ಕೆಲವಕ್ಕೆ 200 ವರ್ಷ ದಾಟಿದೆ. ಚಳಿಗಾಲವಿಡೀ ಒಳಗೆ, ಮೇ ಹೊತ್ತಿಗೆ ಹೊರಗೆ. ಚೌಕದ ಮರದ ಪೆಟ್ಟಿಗೆಗಳಲ್ಲಿ ಇರುತ್ತವೆ. ಪೆಟ್ಟಿಗೆಯ ಬದಿ ಕಳಚುವ ಹಾಗೆ ಮಾಡಿದ್ದಾರೆ, ಬೇರು ಕತ್ತರಿಸಿ ಮಣ್ಣು ಬದಲಾಯಿಸೋಕೆ. ಅದನ್ನು ನೋಡಲು ಕೆಳಗೆ ಇಳಿಯಬೇಕಾಗಿಲ್ಲ. ಮೇಲಿನ ಕಟ್ಟೆಯಿಂದಲೇ ಚೆನ್ನಾಗಿ ಕಾಣುತ್ತದೆ. ಪಕ್ಕದ ಮೆಟ್ಟಿಲುಗಳಂತೂ ನೂರು, ಮಾವನವರಿಗೆ ಬೇಡವೇ ಬೇಡ.

ಇಬ್ಬರಮ್ಮ:
ಶನಿವಾರಕ್ಕೆ ಬುಕ್ ಮಾಡಿದೆ. ಅರಮನೆಗೆ 3:30ರ ಸ್ಲಾಟ್. 18ರ ಒಳಗಿನವರಿಗೆ ಅರಮನೆ ಉಚಿತ, ಆದರೂ ಅವರ ಹೆಸರಿಗೂ ಸ್ಲಾಟ್ ಹಿಡಿಯಬೇಕಿತ್ತು, ಹಿಡಿದೆ. @ರೈಲುಪೆಟ್ಟಿಗೆ ಅಣ್ಣ, ಬೇಜಾರು ಮಾಡ್ಕೋಬೇಡಿ. ಮಾವನವರೇ ತೀರ್ಮಾನ ಮಾಡಿದ್ದು. ಬೆಳಿಗ್ಗೆ ನೀರು, ಮಧ್ಯಾಹ್ನ ಪುಟ್ಟ ಗಾಡಿಯಲ್ಲಿ ಹಳ್ಳಿ, ಅಲ್ಲೇ ಬಯಲಲ್ಲಿ ಊಟ, ಒಂದು ಸಣ್ಣ ನಿದ್ದೆ, ಆಮೇಲೆ ಅರಮನೆ. ಅರಮನೆಯಲ್ಲಿ ಕುರ್ಚಿಗೆ ಒಪ್ಪಿದ್ದಾರೆ. "ಲೂಯಿನೇ ಕೂತಿದ್ದ ಅಂದ ಮೇಲೆ ನಂದೇನು" ಅಂದರು.

ಮಗಳು ಅರಮನೆಯಲ್ಲಿ ಹಠ ಮಾಡಿದರೆ ಯಜಮಾನರು ಅವಳನ್ನು ಎತ್ತಿಕೊಂಡು ಹೊರಗೆ ಹೋಗುತ್ತಾರೆ, ಅದೂ ಮಾತಾಗಿದೆ. ಇನ್ನೇನಾದರೂ ಬಿಟ್ಟಿದ್ದೇನಾ?

ರೈಲುಪೆಟ್ಟಿಗೆ:
ಬೇಜಾರೆಲ್ಲ ಇಲ್ಲ ತಂಗಿ, ಕುರ್ಚಿಗೆ ಒಪ್ಪಿದ ಮೇಲೆ ನನ್ನ ವಾದವೇ ಮುಗಿಯಿತು. ಎರಡು ವಿಷಯ. ತೋಟದಿಂದ ಅರಮನೆಗೆ ಹಿಂಬಾಗಿಲಿಂದ ನುಗ್ಗುವ ಹಾಗಿಲ್ಲ. ಮುಂದಿನ ಅಂಗಳಕ್ಕೆ ಸುತ್ತಿ ಬಂದು ತಪಾಸಣೆ ಮುಗಿಸಬೇಕು. 3ಕ್ಕೇ ಆ ಕಡೆ ಇರಿ. ಆಮೇಲೆ ನೀರು ಬಿಡುವ ದಿನ ತೋಟಕ್ಕೂ ಟಿಕೆಟ್ ಇರುತ್ತದೆ, ಮಗನಿಗೂ ಬೇಕು. ನೀವು ತಗೊಂಡಿದ್ದರಲ್ಲಿ ಅದು ಸೇರಿದೆಯಾ ನೋಡಿ.

ಇಬ್ಬರಮ್ಮ:
ದೊಡ್ಡವರದ್ದರಲ್ಲಿ ಸೇರಿದೆ. ಮಗನದ್ದು ಈಗ ತಗೊಂಡೆ.